ಡಬ್ಲ್ಯೂ-ಆರ್ ಕಂಡ್ರ ಕೈ ತಿರುವ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಇಂಗ್ಲಿಷ್ ಸ್ಪೆಲ್ಲಿಂಗ್ ಬಗ್ಗೆ ಹತ್ತು ನಿಮಿಷ ಮಾತಾಡ್ರಿ ಸರ್ ಅಂತ ಕರದಾರ. ಹತ್ತು ನಿಮಿಷದಾಗ ಸ್ಪೆಲ್ಲಿಂಗ್ ಮುಗಿಯೂ ಮಾತಲ್ಲ, ಅದಕ್ಕ ನಾ ಎರಡ ಅಕ್ಷರ ಹಿಡ್ಕೊಂಡು ಬಂದೀನಿ, ಡಬ್ಲ್ಯೂ ಮತ್ತ ಆರ್. ಈ ಎರಡೂ ಜೋಡಿಯಾಗಿ ಶಬ್ದದ ಶುರುವಿಗೆ ಕುಂತಿದ್ರ ಹೆಚ್ಚಾಗಿ ಅಲ್ಲಿ ಏನೋ ಒಂದು ತಿರುಚೇತಿ ಅಂತ ತಿಳೀರಿ. ಇಷ್ಟ ನನ್ನ ಮಾತು. ರೇಡಿಯೋ ಬಂದ್ ಮಾಡಾಕ ಹೋಗಬ್ಯಾಡ್ರಿ, ಇನ್ನೂ ಐತಿ.

ಬಾಗಲಕೋಟಿ, ವಿಜಯಪುರದಾಗ ರೂಮ್ ಮಾಡ್ಕೊಂಡು ಎಫ್‌ಡಿಎ, ಪಿಎಸ್‌ಐ ಅಂತ ಓದಾಕತ್ತೀರಲ್ಲ, ಗ್ವಾಡಿ ತುಂಬ ಶಬ್ದದ ಪಟ್ಟಿ ಅಂಟಿಸ್ಕೊಂಡು, ನಿಮಗ ಹೇಳಾಕತ್ತೀನಿ ನಾನು. ನಿಮಗ ಕಲಿಸಿದವ್ರು ಏನ್ ಹೇಳಿರ್ತಾರ? ಡಬ್ಲ್ಯೂ ಸೈಲೆಂಟ್ ಐತಿ, ಬಾಯಿಪಾಠ ಮಾಡು. ಸೈಲೆಂಟ್ ಅಂದುಬಿಟ್ರ ಮುಗೀತೇನ್ರಿ? ಯಾಕ ಸೈಲೆಂಟ್ ಆತು ಅಂತ ಒಬ್ಬರೂ ಕೇಳಾಂಗಿಲ್ಲಲ್ಲ, ಅದ ನನಗ ಬ್ಯಾಸರ.

ಸಾವಿರ ವರ್ಷದ ಹಿಂದ ಇಂಗ್ಲಿಷ್ ಮಂದಿ ಆ ಡಬ್ಲ್ಯೂವನ್ನ ಬಾಯಿಬಿಟ್ಟು ಅಂತಿದ್ರು, ನಾವು ವ್ರತ ಅಂತೀವಲ್ಲ, ಹೆಚ್ಚುಕಮ್ಮಿ ಹಂಗ. 1476ರಾಗ ವಿಲಿಯಂ ಕ್ಯಾಕ್ಸ್‌ಟನ್ ಅನ್ನಾಂವ ವೆಸ್ಟ್‌ಮಿನ್‌ಸ್ಟರ್‌ನಾಗ ಪ್ರಿಂಟಿಂಗ್ ಪ್ರೆಸ್ ಹಾಕಿದ, ಅಲ್ಲಿಂದ ಮುಂದ ಪುಸ್ತಕದಾಗಿನ ಸ್ಪೆಲ್ಲಿಂಗ್ ಗಟ್ಟಿಯಾಗ್ತಾ ಹೋತು, ಆದ್ರ ಮಂದಿ ಬಾಯಿ ಎಲ್ಲಿ ನಿಲ್ತದರಿ, 17ನೇ ಶತಮಾನದ ಹೊತ್ತಿಗೆ ಆ ವ ಉದುರಿತು, ಕಾಗದದ ಮ್ಯಾಲ ಮಾತ್ರ ಉಳೀತು. ಬಾಜೂಕಿನ ಡಚ್ ಮಂದಿ ಇನ್ನೂ ಬಿಟ್ಟಿಲ್ಲ, ಬಟ್ಟಿ ಹಿಂಡೂದಕ್ಕ ಅವರು ಇವತ್ತಿಗೂ ವ್ರಿಂಗನ್ ಅಂತಾರ.

ಈಗ ನಮ್ಮ ಹುಡುಗನ ಕಥಿ ಹೇಳ್ತೀನಿ. ಬಾಗಲಕೋಟಿ ಜಿಲ್ಲಾದ ಒಂದು ಹೈಸ್ಕೂಲಿನ್ಯಾಗ ನಾ ಇದ್ದಾಗ ಒಬ್ಬ ಪೈಲವಾನ ಹುಡುಗ ಇದ್ದ. ಮುಂಜಾನೆ ಗರಡಿಮನಿ, ಆಮ್ಯಾಲ ಸಾಲಿ, ಸಾಲ್ಯಾಗ ನಿದ್ದಿ. ರಿಸ್ಟ್ ಬರಿ ಅಂದ್ರ ಡಬ್ಲ್ಯೂ ಬಿಡಾಂವ, ರೆಸ್ಲಿಂಗ್ ಬರಿ ಅಂದ್ರೂ ಬಿಡಾಂವ, ತಾನು ದಿನಾ ಆಡೂ ಆಟದ ಹೆಸರು ನೋಡ್ರಿ! ಬೈದು ಸಾಕಾಗಿತ್ತು ನನಗ. ಆ ವರ್ಷ ಜಾತ್ರಿ ಕುಸ್ತಿಗೆ ಬರ್ರಿ ಸರ್ ಅಂತ ಅವನ ಕರದ, ಹ್ವಾದೆ. ಕಣದ ಮಣ್ಣಿಗೆ ಎಣ್ಣಿ, ಮಜ್ಜಿಗಿ, ಅರಿಷಿಣ ಹಾಕಿ ಹದ ಮಾಡಿದ್ರು, ಆ ವಾಸನಿ ಗೊತ್ತಿದ್ದವರಿಗೇ ಗೊತ್ತು. ಎದುರಿಗೆ ಬಂದಾಂವ ಇವನಕಿಂತ ಒಂದು ಗೇಣು ಎತ್ತರ, ತೋಳು ನೋಡಿದ್ರ ನನ್ನ ತೊಡಿ ಇದ್ದಂಗ. ಇಬ್ಬರೂ ಬಗ್ಗಿ ಒಂದು ಹಿಡಿ ಮಣ್ಣು ತಗೊಂಡು ಒಬ್ಬರ ಕೈಗೊಬ್ಬರು ತಿಕ್ಕಿದ್ರು. ಬೆವತ ಕೈ ಜಾರತಾವ ನೋಡ್ರಿ, ಮಣ್ಣು ಹತ್ತಿದ್ರ ಹಿಡಿತ ಕೂಡತೈತಿ. ಹಲಗಿ ಬಡಿಯಾಕತ್ತಿದ್ರು. ಭಾಳ ಹೊತ್ತು ತಲಿಗೆ ತಲಿ ಹಚ್ಚಿ ದೂಡ್ಯಾಡಿದ್ರು, ನನಗಂತೂ ಇಂವ ಸೋತ ಅನಿಸಿತ್ತು, ಅಷ್ಟೊತ್ತಿಗೆ ನಮ್ಮ ಹುಡುಗ ಅವನ ಮಣಿಕಟ್ಟು ಹಿಡದು ಹಿಂಗ ಒಂದು ತಿರುವು ತಿರುವಿ, ತಾನೂ ಸೊಂಟ ತಿರುವಿ ಒಳಗ ಹೊಕ್ಕ ನೋಡ್ರಿ, ಆ ದೊಡ್ಡಾಂವ ಬೆನ್ನ ಮ್ಯಾಲ ಬಿದ್ದ. ಮಂದಿ ಎದ್ದು ಶೀಟಿ ಹೊಡದ್ರು, ಯಾರೋ ಪಟಗಾ ತಂದು ಸುತ್ತಿದ್ರು, ಅವರ ವಸ್ತಾದ ಮಾತ್ರ ನಗಲಿಲ್ಲ, ಕಾಲು ತಡಾ ಮಾಡಿದಿ ಅಂತ ಅಲ್ಲೇ ಬೈದ.

ಮರುದಿನ ಕ್ಲಾಸಿನ್ಯಾಗ ಕರದು, ನಿನ್ನೆ ಏನ್ ಮಾಡಿದೆಲೇ, ತೋರಸು ಅಂದು ನನ್ನ ಕೈ ಕೊಟ್ಟೆ. ಮೆಲ್ಲಕ ತಿರುವಿದ್ರೂ ನಾ ಟೇಬಲ್ ಹಿಡ್ಕೊಂಡೆ. ನೀ ಹಿಡದಿದ್ದು ಏನು? ರಿಸ್ಟ್. ಮಾಡಿದ್ದು ಏನು? ರೆಸ್ಲಿಂಗ್. ಎರಡರಾಗೂ ತಿರುವೂದು ಐತಿಲ್ಲ, ಅದಕ್ಕ ಎರಡಕ್ಕೂ ಡಬ್ಲ್ಯೂ-ಆರ್. ಆಮ್ಯಾಲ ಆ ಹುಡುಗ ಡಬ್ಲ್ಯೂ ಬಿಡಲಿಲ್ಲ, ರೇನ್‌ಗೂ ಹಚ್ಚಾಕ ಶುರು ಮಾಡಿದ, ಅದು ಬ್ಯಾರೆ ಮಾತು.

ರಿಸ್ಟ್ ಅಂದ್ರ ತಿರುಗೂ ಕೀಲು, ಅಷ್ಟ. ಅದ ಶಬ್ದ ಸ್ವೀಡನ್ನಿನ್ಯಾಗ ವ್ರಿಸ್ಟ್ ಅಂತ ಐತಿ, ಆದ್ರ ಅವರು ಅದನ್ನ ಕೈಗಲ್ಲ, ಪಾದದ ಮ್ಯಾಲಿನ ಭಾಗಕ್ಕ ಅಂತಾರ. ನಮ್ಮವ್ವಗೋಳು ಇಳಕಲ್ ಸೀರಿ ಒಗದು ಎರಡೂ ಕೈಲೆ ಹಿಂಡತಾರಲ್ಲ, ಅದು ರಿಂಗ್, ಬೆರಳಿನ ರಿಂಗ್ ಅಲ್ಲ ಮತ್ತ, ಡಬ್ಲ್ಯೂ ಇರೂ ರಿಂಗ್. ಗ್ಯಾರೇಜಿನ್ಯಾಗ ನಟ್ ತಿರುವಾಕ ಪಾನಾ ಕೊಡು ಅಂತೀರಿ, ಅದು ರೆಂಚ್. ಹಳೇ ಇಂಗ್ಲಿಷಿನ್ಯಾಗ ರೆಂಚ್ ಅಂದ್ರ ಮೋಸ ಅಂತನೂ ಇತ್ತು, ಮಾತು ತಿರುಚೂದು, ತಿಳೀತಿಲ್ಲ? ಹೂ ಸುತ್ತಿ ಮಾಡಿದ್ದು ರೀತ್, ಮಾರಿ ಮ್ಯಾಲ ಸುಕ್ಕು ಬಿದ್ರ ರಿಂಕಲ್, ಹುಳ ಹೊಳ್ಳಾಡಿದ್ರ ರಿಗಲ್. ಎಲ್ಲಾ ತಿರುವಿದ್ದ, ತಿರುಚಿದ್ದ.

ಇನ್ನ ರಾಂಗ್. ರಾಂಗ್ ನಂಬರ್ ಅಂತೀವಿ, ರಾಂಗ್ ಸೈಡ್ ಅಂತೀವಿ. ಸ್ಕ್ಯಾಂಡಿನೇವಿಯಾದಿಂದ ಹಡಗ ಹತ್ತಿ ಇಂಗ್ಲೆಂಡಿಗೆ ಬಂದ ಮಂದಿ ಬಿಟ್ಟು ಹ್ವಾದ ಶಬ್ದ ಅದು, ಮೂಲ ಅರ್ಥ ಡೊಂಕು. ಅದರ ಎದುರಿಗಿರೂ ರೈಟ್, ಸರಿ ಅನ್ನೂ ರೈಟ್, ಅದರ ಮೂಲ ಅರ್ಥ ನೆಟ್ಟಗ. ಡೊಂಕಿದ್ದದ್ದಕ್ಕ ಡಬ್ಲ್ಯೂ ಐತಿ, ನೆಟ್ಟಗಿದ್ದದ್ದಕ್ಕ ಇಲ್ಲ! ಇದನ್ನ ತಿಳಕೊಂಡಮ್ಯಾಲೂ ಪರೀಕ್ಷಾದಾಗ ತಪ್ಪು ಬರದ್ರ ನಾ ಏನ್ ಮಾಡ್ಲಿ ಹೇಳ್ರಿ.

ಬರಿಯೂ ರೈಟ್‌ಗೂ ಡಬ್ಲ್ಯೂ ಐತಲ್ಲ ಸರ್ ಅಂತ ಯಾರೋ ಈಗಾಗಲೇ ಅಂದಿರ್ತೀರಿ. ಐತಿ, ಅದರ ಮೂಲ ಅರ್ಥ ಗೀರೂದು, ಕೊರಿಯೂದು. ಬಾದಾಮಿ ಮೂರನೇ ಗುಹಾದಾಗ ಮಂಗಳೇಶನ 578ರ ಶಾಸನ ಐತಿ, ಹೋದಾಗ ನೋಡ್ರಿ, ಆಗ ಬರಿಯೂದು ಅಂದ್ರ ಕಲ್ಲು ಕೊರಿಯೂದ. ಇರಲಿ, ಅಂಥಾವನ್ನ ಬಿಡ್ರಿ.

ನನಗ ಭಾಳ ಖುಷಿ ಕೊಡೂ ವಿಷಯ ಹಿಂದ ಉಳೀತು. ಈ ತಿರುಗೂ ಮೂಲ ಇಂಗ್ಲಿಷಿಂದಷ್ಟ ಅಲ್ಲ, ಸಂಸ್ಕೃತದಾಗೂ ಅದ ಬೇರು ಐತಿ. ವೃತ್ತ, ಆವೃತ್ತಿ, ಪರಿವರ್ತನೆ. ಬೆಳಗಾವಿ ಚನ್ನಮ್ಮ ವೃತ್ತದಾಗ ಗಾಡಿ ತಿರುವಿದ್ರ ನೀವು ಈ ಶಬ್ದದ ಮ್ಯಾಲ ತಿರುವಿದಂಗ. ಲ್ಯಾಟಿನ್ನಿಂದ ಬಂದ ರಿವರ್ಸ್, ಕನ್ವರ್ಟ್ ಅವೂ ಇದರ ಅಣ್ಣತಮ್ಮರ. ಅಗದೀ ಸಾವಕಾಶ ಹೇಳಬೇಕಂದಿದ್ದೆ, ಗ್ಲಾಸಿನ ಆ ಕಡೆಯಿಂದ ಕೈ ಮಾಡಾಕತ್ತಾರ.

ಇನ್ನೆರಡ ಶಬ್ದ, ಲಗೂನ ಬರಕೋರಿ. ರಾತ್, ಅಂದ್ರ ಸಿಟ್ಟು, ಮನಸ ತಿರುಚಿದ್ದು. ರೈ ಸ್ಮೈಲ್, ಬಾಯಿ ಒಂದ ಬಾಜೂ ಡೊಂಕ ಮಾಡಿ ನಗೂದು. ಕೆ-ಎನ್ ಜೋಡಿನೂ ತಂದಿದ್ದೆ, ಕೆ ಸೈಲೆಂಟ್ ಇರೂ ಇಂಗ್ಲಿಷಿನ ನೀ, ಅಂದ್ರ ಮೊಣಕಾಲು, ಅದೂ ಆಜಾನುಬಾಹು ಅಂತೀವಲ್ಲ ಆ ಜಾನುನೂ ಒಂದ ಮನಿತನ, ಅದನ್ನ ಮುಂದ ಕರದ್ರ ಹೇಳ್ತೀನಿ. ನಮಸ್ಕಾರ್ರಿ.