ಒಲೆಯ ಮಗ್ಗುಲಿಗೆ ಖಾರದ ವಿನೆಗರ್

(ಬೆಳಗಾವಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ನೀಡಿದ ಉಪನ್ಯಾಸ)

ಅಕ್ಕಂದಿರಿಗೆ, ತಾಯಂದಿರಿಗೆ ಶರಣು ಶರಣಾರ್ಥಿ.

ಮೊದಲೇ ಹೇಳಿಬಿಡುತ್ತೇನೆ, ನಾನು ರಂಜಕಕ್ಕೆ ಬದಲಿ ಹೇಳಿಕೊಡಲು ಬಂದಿಲ್ಲ. ಹಣ್ಣು ಮೆಣಸಿನಕಾಯಿ ಸಂತಿಗೆ ಬಂದ ಕೂಡಲೇ ಬಳ್ಳೊಳ್ಳಿ, ಉಪ್ಪು, ಮೆಂತ್ಯ, ಲಿಂಬಿಹುಳಿ ಹಾಕಿ ಕುಟ್ಟಿ ಭರಣಿ ತುಂಬುವವರಿಗೆ ಖಾರದ ಪಾಠ ಹೇಳುವ ಧೈರ್ಯ ನನಗಿಲ್ಲ. ಆದರೆ ರಂಜಕ ರೊಟ್ಟಿಯ ಜೋಡಿ. ಕುದಿಯುವ ಸಾರಿಗೆ ಹಾಕಿದರೆ ಅದರ ಬಳ್ಳೊಳ್ಳಿ, ಮೆಂತ್ಯವೇ ಮುಂದಾಗಿ ಸಾರಿನ ರುಚಿ ಕೆಡುತ್ತದೆ. ಸಪ್ಪೆಯಾದ ಪಲ್ಯಕ್ಕೆ, ಮೊಟ್ಟೆಗೆ, ಪಚಡಿಗೆ ಕೊನೆಯಲ್ಲಿ ನಾಲ್ಕು ಹನಿ ಬಿದ್ದರೆ ಸಾಕು ಅನ್ನುವಂಥ ತೆಳ್ಳನೆಯ ಖಾರ–ಹುಳಿ ನಮ್ಮ ಅಡಿಗೆಮನೆಯಲ್ಲಿ ಇಲ್ಲ. ಇವತ್ತಿನ ಮಾತು ಅದರದು, ಮೆಣಸಿನಕಾಯಿ ನೆನೆಸಿಟ್ಟ ವಿನೆಗರ್‌ನದು.

ಚೋರ್ಲಾ ಘಟ್ಟ ಇಳಿದರೆ ಗೋವಾ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಈ ಕರಾವಳಿಗೆ ತಂದರು. ಅಲ್ಲಿಯವರು ತೆಂಗಿನ ಕಳ್ಳಿನಿಂದ ವಿನೆಗರ್ ಮಾಡಿ ಮೀನಿಗೂ ಮಾಂಸಕ್ಕೂ ಹಾಕುತ್ತಾರೆ. ಮೆಣಸಿನಕಾಯಿ ಘಟ್ಟ ಹತ್ತಿ ಬಂದು ನಮ್ಮ ಮನೆಮಗಳಾಯಿತು, ವಿನೆಗರ್ ಮಾತ್ರ ಕೆಳಗೇ ನಿಂತಿತು. ನಮಗೆ ಹುಣಸಿ ಇತ್ತು, ಲಿಂಬಿ ಇತ್ತು, ಮಜ್ಜಿಗೆ ಇತ್ತು, ಬೇಕೆನ್ನಿಸಲಿಲ್ಲ. ನಮ್ಮಲ್ಲಿ ಬಹಳ ಜನಕ್ಕೆ ಅದರ ಪರಿಚಯವಾದದ್ದು ಗೋಬಿ ಮಂಚೂರಿ ಗಾಡಿಯ ಹತ್ತಿರ!

ತಮಾಷೆ ಏನೆಂದರೆ, ವಿನೆಗರ್‌ಗೆ ಬೇಕಾದ ಸಕ್ಕರೆಯ ಮೇಲೆಯೇ ನಾವು ಕೂತಿದ್ದೇವೆ. ಕಬ್ಬಿನ ಹಾಲು ಹುದುಗಿದರೆ ಮದ್ಯಸಾರ. ಆ ಮದ್ಯಸಾರ ಗಾಳಿಗೆ ತೆರೆದುಕೊಂಡರೆ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ಅಸಿಟಿಕ್ ಆಮ್ಲ ಮಾಡುತ್ತದೆ. ಇದು ಜೀವಿಗಳ ಕೆಲಸ ಎಂದು 1860ರ ದಶಕದಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟ. ಹಾಗೆ ಹುದುಗಿಸಿ ಮಾಡಿದ್ದು ಒಂದು ಬಗೆ, ಆಮ್ಲವನ್ನು ನೀರಿಗೆ ಬೆರೆಸಿದ ಸಿಂಥೆಟಿಕ್ ವಿನೆಗರ್ ಇನ್ನೊಂದು. ಎರಡರಲ್ಲೂ ಕನಿಷ್ಠ 3.75 ಶೇಕಡಾ ಆಮ್ಲ ಇರಲೇಬೇಕೆಂದು ನಮ್ಮ ಆಹಾರ ನಿಯಮವಿದೆ. ಬಾಟಲಿಯ ಚೀಟಿ ಓದಿ. ಕೆಡದಂತೆ ಇಡುವ ಕೆಲಸ ಎರಡೂ ಮಾಡುತ್ತವೆ. ರುಚಿ ಕೇಳಿದರೆ ನನ್ನ ಮತ ಹುದುಗಿಸಿದ ಕಬ್ಬಿನ ವಿನೆಗರ್‌ಗೆ, ಸಿಂಥೆಟಿಕ್ ಬರೀ ಮೂಗಿಗೆ ಹೊಡೆಯುತ್ತದೆ. ಮನೆಯಲ್ಲೇ ಹುದುಗಿಸಿದ್ದನ್ನು ಇದಕ್ಕೆ ಬಳಸಬೇಡಿ. ಅದರ ಬಲ ಎಷ್ಟೆಂದು ನಾಲಿಗೆಯಿಂದ ಅಳೆಯಲಿಕ್ಕಾಗುವುದಿಲ್ಲ. ಅಸಿಟಿಕ್ ಆಸಿಡ್ ತಂದು ನೀರು ಬೆರೆಸುವ ಯೋಚನೆಯನ್ನಂತೂ ಬಿಟ್ಟುಬಿಡಿ, ಗಟ್ಟಿ ಆಮ್ಲ ಚರ್ಮ ಸುಡುತ್ತದೆ.

ಅಂಗಡಿಯಿಂದ ಒಳ್ಳೆಯ ವಿನೆಗರ್ ತಂದರೂ ಕೆಡಿಸುವವರು ನಾವೇ, ನೀರು ಸೇರಿಸಿ. ಹಸಿ ಮೆಣಸಿನಕಾಯಿ 100 ಗ್ರಾಂ ಇದ್ದರೆ ಅದರೊಳಗೆ ಸುಮಾರು 85 ಗ್ರಾಂ ನೀರೇ. ಆ ನೀರು ದಿನ ಕಳೆದಂತೆ ಹೊರಬಂದು ಹುಳಿಯನ್ನು ತೆಳ್ಳಗೆ ಮಾಡುತ್ತದೆ. ನೋಡಲಿಕ್ಕೆ ಚಂದ ಅಂತ ಬಾಟಲಿ ತುಂಬ ಮೆಣಸಿನಕಾಯಿ ತುರುಕಿ, ಉಳಿದ ಸಂದಿಗೆ ವಿನೆಗರ್ ಹಾಕಿದರೆ ಹುಳಿ ಅರ್ಧಕ್ಕೆ ಇಳಿಯಬಹುದು. ತೊಳೆದ ನೀರು ಆರದಿದ್ದರೆ ಇನ್ನಷ್ಟು. ಅರ್ಧ ಲೀಟರ್ ವಿನೆಗರ್‌ಗೆ 100 ಗ್ರಾಂ ಹಸಿ ಮೆಣಸಿನಕಾಯಿ, ಇದು ನನ್ನ ಅಳತೆ. ಒಣಗಿದ್ದಾದರೆ 25 ಗ್ರಾಂ ಸಾಕು.

ಯಾವ ಮೆಣಸಿನಕಾಯಿ? ಕೈ ತಾನಾಗಿ ಬ್ಯಾಡಗಿಯ ಕಡೆ ಹೋಗುತ್ತದೆ, ಗೊತ್ತು. ಆದರೆ ಇಲ್ಲಿ ಬ್ಯಾಡಗಿ ದಂಡ. ಅದರ ಹೆಸರು ಬಣ್ಣಕ್ಕೆ, ಆ ಕೆಂಪು ಬಣ್ಣ ಬಿಡುವುದು ಎಣ್ಣೆಯಲ್ಲಿ. ಒಗ್ಗರಣಿಯಲ್ಲಿ ರಂಗೇರುವ ಬ್ಯಾಡಗಿ ವಿನೆಗರ್‌ನಲ್ಲಿ ಮಂಕಾಗಿ ಕೂರುತ್ತದೆ, ಖಾರವೂ ಕಡಿಮೆ. ಒಣಗಿದ್ದು ಬೇಕಿದ್ದರೆ ನಮ್ಮ ಸಂಕೇಶ್ವರಿ ತಗೊಳ್ಳಿ. ಹಸಿದಾದರೆ ಲವಂಗಿ, ಇಲ್ಲವೇ ಖಾರದ ಜವಾರಿ. ಖಾರ ಇರುವುದು ಬೀಜದಲ್ಲಿ ಅಂತ ನಾವೆಲ್ಲ ತಿಳಿದಿದ್ದೇವೆ. ಅದು ಇರುವುದು ಬೀಜ ಹಿಡಿದುಕೊಂಡ ಬಿಳಿ ತಿರುಳಿನಲ್ಲಿ, ಬೀಜಕ್ಕೆ ಅಂಟಿಕೊಂಡಿರುತ್ತದೆ ಅಷ್ಟೇ. ಹಾಗಾಗಿ ಇಡೀ ಕಾಯಿ ಹಾಕಿದರೆ ತಿಂಗಳಾದರೂ ಖಾರ ಸರಿಯಾಗಿ ಇಳಿಯುವುದಿಲ್ಲ, ಉದ್ದಕ್ಕೆ ಸೀಳಬೇಕು. ಸೀಳುವ ಮೊದಲು ಬೆರಳಿಗೆ ಎಣ್ಣೆ ಸವರಿಕೊಳ್ಳಿ, ಆಮೇಲೆ ಸಾಬೂನಿನಿಂದ ತೊಳೆಯಿರಿ. ಖಾರ ಕರಗುವುದು ಎಣ್ಣೆಗೆ, ಬರೀ ನೀರಿಗಲ್ಲ.

ಮಾಡುವುದು ಹೀಗೆ. ಮೆಣಸಿನಕಾಯಿ ತೊಳೆದು ರಾತ್ರಿಯಿಡೀ ಬಟ್ಟೆಯ ಮೇಲೆ ಆರಲಿ. ತೊಟ್ಟು ತೆಗೆದು, ಸೀಳಿ, ಕುದಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿದ ಗಾಜಿನ ಬಾಟಲಿಗೆ ಹಾಕಿ. ಎಂಟು–ಹತ್ತು ಎಸಳು ಬಳ್ಳೊಳ್ಳಿ, ಒಂದು ಸಣ್ಣ ಚಮಚ ಉಪ್ಪು, ಹತ್ತು ಕಾಳು ಮೆಣಸು. ಬೆಲ್ಲ ಬೇಕಾದವರು ಗೋಲಿಯಷ್ಟು ಹಾಕಲಿ, ನಾನು ಹಾಕುವುದಿಲ್ಲ. ವಿನೆಗರನ್ನು ಸ್ಟೀಲ್ ಪಾತ್ರೆಯಲ್ಲಿ ಹಬೆ ಏಳುವಷ್ಟು ಬಿಸಿ ಮಾಡಿ, ಕುದಿಸಬೇಡಿ. ಕುದಿಸಿದರೆ ಹುಳಿಯೂ ಹಬೆಯ ಜೊತೆ ಹೋಗುತ್ತದೆ, ಮನೆಯವರೆಲ್ಲ ಕೆಮ್ಮುತ್ತಾರೆ. ಹಿತ್ತಾಳಿ, ತಾಮ್ರ, ಅಲ್ಯುಮಿನಿಯಂ ಪಾತ್ರೆ ಬೇಡ, ಆಮ್ಲ ಲೋಹವನ್ನು ತಿನ್ನುತ್ತದೆ. ಬರೀ ತಗಡಿನ ಮುಚ್ಚಳವೂ ತುಕ್ಕು ಹಿಡಿಯುತ್ತದೆ, ಪ್ಲಾಸ್ಟಿಕ್ ಮುಚ್ಚಳ ಇರಲಿ. ಬಿಸಿ ವಿನೆಗರ್ ಸುರಿಯುವಾಗ ಗಾಜು ತಣ್ಣಗಿದ್ದರೆ ಸಿಡಿಯಬಹುದು, ಬಾಟಲಿಯನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳಿ. ಎಲ್ಲವೂ ವಿನೆಗರ್‌ನಲ್ಲಿ ಮುಳುಗಿರಬೇಕು. ಎರಡು ವಾರ ಬಿಸಿಲು ತಾಗದ ಕಡೆ ಇಡಿ, ಆಮೇಲೆ ಬಳಸಿ. ಫ್ರಿಜ್ ಇದ್ದರೆ ಅದರಲ್ಲಿಡಿ, ನಮ್ಮ ಬೇಸಿಗೆಯಲ್ಲಿ ಬಣ್ಣ, ವಾಸನೆ ಅಲ್ಲೇ ಚೆನ್ನಾಗಿ ಉಳಿಯುತ್ತದೆ.

ನಡುವೆ ಬಳ್ಳೊಳ್ಳಿ ನೀಲಿಯೋ ಹಸಿರೋ ಆದರೆ ಹೆದರಿ ಚೆಲ್ಲಬೇಡಿ. ಅದರೊಳಗಿನ ಗಂಧಕದ ಅಂಶಗಳು ಹುಳಿಯೊಡನೆ ಸೇರಿ ಹಾಗಾಗುತ್ತವೆ, ತಿನ್ನಬಹುದು. ಆದರೆ ಗುಳ್ಳೆ ಏಳುತ್ತಿದ್ದರೆ, ಬೂಷ್ಟು ಕಂಡರೆ, ಕೊಳೆತ ವಾಸನೆ ಬಂದರೆ ಮರುಮಾತಿಲ್ಲದೆ ಚೆಲ್ಲಿ. ಮೇಲಿನ ಬೂಷ್ಟು ತೆಗೆದು ಕೆಳಗಿನದು ಬಳಸುವ ಜಾಣತನ ಬೇಡ. ಇನ್ನೊಂದು ಮಾತು, ಇದೇ ಬಳ್ಳೊಳ್ಳಿ–ಮೆಣಸಿನಕಾಯಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವವರಿದ್ದಾರೆ. ಎಣ್ಣೆ ಗಾಳಿ ತಡೆಯುತ್ತದೆ, ಹುಳಿ ಕೊಡುವುದಿಲ್ಲ. ಗಾಳಿಯಿಲ್ಲದ ಕಡೆ ಬೆಳೆದು ವಿಷ ಮಾಡುವ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾಕ್ಕೆ ಅದು ಹೇಳಿಮಾಡಿಸಿದ ಜಾಗ. ಹುಳಿ ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ವಿನೆಗರ್ ಅದಕ್ಕಿಂತ ಎಷ್ಟೋ ಹೆಚ್ಚು ಹುಳಿ.

‘ಇಂಡಿ ಲಿಂಬಿ ಇಷ್ಟು ಚಲೋ ಇರುವಾಗ ಇದ್ಯಾಕ್ರಿ?’ ಎಂದು ನೀವು ಕೇಳಬಹುದು. ಲಿಂಬಿ ಹಿಂಡಿದ ಗಳಿಗೆಗೆ ಅದನ್ನು ಮೀರಿಸುವುದು ಯಾವುದೂ ಇಲ್ಲ. ಹಿಂಡಿಟ್ಟ ರಸ ಮಾತ್ರ ಕಂದಿ ಕಹಿಯಾಗುತ್ತದೆ. ಬೇಸಿಗೆಯಲ್ಲಿ ಲಿಂಬಿಯ ದರ ಏರಿದಾಗ ಈ ಬಾಟಲಿ ನೆನಪಾಗುತ್ತದೆ.

ಬಳಸುವಾಗ ಒಲೆ ಆರಿಸಿದ ಮೇಲೆ ಹಾಕಿ. ಕಾಳು, ಬೇಳೆ ಬೇಯುವ ಮೊದಲು ಹುಳಿ ಬಿದ್ದರೆ ಬೇಗ ಮೆತ್ತಗಾಗುವುದಿಲ್ಲ, ಹುಣಸಿ ಹಾಕುವಾಗ ನೀವು ಪಾಲಿಸುವ ನಿಯಮವೇ ಇಲ್ಲಿಯೂ. ಸೊಪ್ಪಿನ ಪಲ್ಯಕ್ಕೆ ತಾಟಿಗೆ ಬಡಿಸಿದ ಮೇಲೆಯೇ ಹಾಕಿ, ಮೊದಲೇ ಹಾಕಿದರೆ ಹಸಿರು ಕಂದುತ್ತದೆ. ಹಾಲು ಬಿದ್ದ ಅಡಿಗೆಗೆ ಬೇಡ, ಒಡೆಯುತ್ತದೆ. ಮಡಿಕೆಕಾಳಿನ ಉಸಳಿ, ಕರಿದ ಮೀನು, ಬೇಯಿಸಿದ ಮೊಟ್ಟೆ, ಉಳ್ಳಾಗಡ್ಡಿ–ಸೌತಿಕಾಯಿ ಪಚಡಿ, ಇವಕ್ಕೆ ಹೊಂದುತ್ತದೆ. ನಾಲ್ಕು ಮಂದಿಯ ಪಲ್ಯಕ್ಕೆ ಒಂದು ಸಣ್ಣ ಚಮಚ ಹಾಕಿ, ರುಚಿ ನೋಡಿ ಮುಂದುವರಿಯಿರಿ. ಎಣಗಾಯಿಗೆ ಮಾತ್ರ ನಾನು ಹಾಕುವುದಿಲ್ಲ. ಅದಕ್ಕೆ ಹುಣಸಿಯೇ ಆಗಬೇಕು, ವಾದ ಬೇಡ. ಹೊಟ್ಟೆಹುಣ್ಣು, ಎದೆಯುರಿ ಇದ್ದವರು ದೂರ ಇರುವುದು ಒಳ್ಳೆಯದು.

ಬಾಟಲಿ ಅರ್ಧಕ್ಕೆ ಬಂದಾಗ ಒಮ್ಮೆ ಮೇಲಿಂದ ಹೊಸ ವಿನೆಗರ್ ಸುರಿಯಬಹುದು. ಎರಡನೆಯ ಸಲಕ್ಕೆ ಖಾರ ಸೋತಿರುತ್ತದೆ. ಆಗ ಒಳಗಿನ ಮೆಣಸಿನಕಾಯಿ ಸಣ್ಣಗೆ ಹೆಚ್ಚಿ ಗಿರ್ಮಿಟ್‌ಗೋ ಝುಣಕಕ್ಕೋ ಹಾಕಿ. ಇಲ್ಲಿ ಮೇಜಿನ ಮೇಲೆ ಎರಡು ಬಾಟಲಿ ಇಟ್ಟಿದ್ದೇನೆ, ಒಂದು ಸಂಕೇಶ್ವರಿಯದು, ಒಂದು ಹಸಿ ಲವಂಗಿಯದು. ಪಕ್ಕದಲ್ಲಿ ಸೌತಿಕಾಯಿ ಹೋಳೂ ಇದೆ. ರುಚಿ ನೋಡುತ್ತ ಪ್ರಶ್ನೆ ಕೇಳಿರಿ.