ಕಣ್ಣು ಮುಚ್ಚಿ ನೋಡಿದ ಯುದ್ಧ

ಎಲ್ಲರಿಗೂ ನಮಸ್ಕಾರ.

ಇವತ್ತು ನನಗಿಷ್ಟವಾದ ಯುದ್ಧದ ಸಿನಿಮಾಗಳ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಸಿನಿಮಾ ಬಗ್ಗೆ ರೇಡಿಯೊದಲ್ಲಾ, ಏನನ್ನೂ ತೋರಿಸಲಾಗದ ಕಡೆಯಲ್ಲಾ, ಅಂತ ನೀವು ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡೆ. ಆಮೇಲೆ ಯೋಚನೆ ಮಾಡಿದರೆ ಇದಕ್ಕಿಂತ ಸರಿಯಾದ ಜಾಗ ಇನ್ನೊಂದು ಇರಲಿಕ್ಕಿಲ್ಲ ಅನ್ನಿಸಿತು. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ರಾತ್ರಿ ಊಟ ಮುಗಿಸಿ ನಾನು, ನಮ್ಮಕ್ಕ ಇಬ್ಬರೂ 'ದಾಸ್ ಬೋಟ್' ಸಿನಿಮಾ ಹಾಕಿಕೊಂಡು ಕೂತಿದ್ದೆವು. ಇದ್ದಕ್ಕಿದ್ದಂತೆ ಟೀವಿ ಪರದೆ ಕಪ್ಪಾಯಿತು. ಚಿತ್ರ ಹೋಯಿತು, ಸದ್ದು ಮಾತ್ರ ಬರುತ್ತಲೇ ಇತ್ತು. ಎದ್ದು ಹೋಗಿ ಹಿಂದೆ ಮುಂದೆ ತಟ್ಟಿದೆ, ವೈರು ಅಲ್ಲಾಡಿಸಿದೆ, ಏನೂ ಆಗಲಿಲ್ಲ. ಸರಿ, ಆಫ್ ಮಾಡೋಣ ಅಂತ ರಿಮೋಟ್ ಹುಡುಕುತ್ತಿರುವಾಗಲೇ ಆ ಸದ್ದು ಶುರುವಾಯಿತು. ಟಿಂಗ್. ಸ್ವಲ್ಪ ಬಿಟ್ಟು ಮತ್ತೆ, ಟಿಂಗ್.

ಸಿನಿಮಾ ನೋಡದವರಿಗೆ ಒಂದೆರಡು ಮಾತು. ಜರ್ಮನಿಯ ವೋಲ್ಫ್‌ಗಾಂಗ್ ಪೀಟರ್ಸನ್ 1981ರಲ್ಲಿ ಮಾಡಿದ ಸಿನಿಮಾ ಇದು. ಎರಡನೇ ಮಹಾಯುದ್ಧದ ಕಾಲ. ಯು-96 ಅನ್ನುವ ಜರ್ಮನ್ ಸಬ್‌ಮರೀನ್, ಅದರೊಳಗೆ ಗಡ್ಡ ಬಿಟ್ಟು, ಬೆವರಿ, ಒಬ್ಬರ ಮೈಗೆ ಒಬ್ಬರು ತಾಗಿಕೊಂಡೇ ಓಡಾಡುವ ಗಂಡಸರು. ಮೇಲೆ ಬ್ರಿಟಿಷರ ಯುದ್ಧನೌಕೆ ಇವರನ್ನು ಹುಡುಕುತ್ತಿದೆ. ಅದು ನೀರಿನೊಳಕ್ಕೆ ಸದ್ದು ಬಿಡುತ್ತದೆ. ಆ ಸದ್ದು ಕಬ್ಬಿಣಕ್ಕೆ ಬಡಿದು ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರ ಮೇಲೆ ಇವರು ಎಷ್ಟು ದೂರ ಇದ್ದಾರೆ ಅನ್ನುವ ಲೆಕ್ಕ ಅವರಿಗೆ ಸಿಗುತ್ತದೆ. ಒಳಗಿನವರಿಗೆ ಕೇಳಿಸುವುದು ಬರೀ ಆ ಟಿಂಗ್. ಹತ್ತಿರ ಬಂದಷ್ಟೂ ಒಂದಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವು ಕಮ್ಮಿಯಾಗುತ್ತದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಒಬ್ಬ ಮಾತ್ರ ಪಿಸುಪಿಸು ಅಂತ ಏನೋ ಹೇಳುತ್ತಾನೆ. ಉಳಿದವರು ಕೆಮ್ಮುವುದಕ್ಕೂ ಹೆದರುತ್ತಾರೆ. ಆಮೇಲೆ ಮೇಲಿನಿಂದ ಬಾಂಬು.

"ಆಫ್ ಮಾಡೋ, ಉಸಿರು ಕಟ್ಟಿದ ಹಾಗಾಗುತ್ತೆ" ಅಂದಳು ಅಕ್ಕ. ಎದುರಿಗೆ ಇದ್ದದ್ದು ಕಪ್ಪು ಗಾಜು, ಅದರಲ್ಲಿ ನಮ್ಮದೇ ಮುಖ. ಆದರೂ ಇಬ್ಬರೂ ಏಳಲಿಲ್ಲ. ಹಾಗೇ ಕತ್ತಲೆಯಲ್ಲಿ ಕೂತು, ಭಾಷೆ ಬಾರದ ಸಿನಿಮಾವನ್ನು ಇನ್ನೂ ಅರ್ಧ ಗಂಟೆ ಕೇಳಿದೆವು. ನೀರಿನ ಭಾರಕ್ಕೆ ಹಡಗಿನ ಮೈ ನರಳುವುದು, ಬೋಲ್ಟುಗಳು ಗುಂಡಿನ ಹಾಗೆ ಸಿಡಿಯುವುದು, ಎಲ್ಲೋ ನೀರು ಚಿಮ್ಮುವುದು. ಟೀವಿ ರಿಪೇರಿಯಾಗಿ ಬಂದ ಮೇಲೆ ಅದೇ ಭಾಗ ಮತ್ತೆ ನೋಡಿದೆ. ಚಿತ್ರ ಚೆನ್ನಾಗಿಯೇ ಇದೆ, ಕಿರಿದಾದ ಹಡಗಿನುದ್ದಕ್ಕೂ ಕ್ಯಾಮೆರಾ ಕೈಯಲ್ಲಿ ಹಿಡಿದುಕೊಂಡೇ ಓಡುತ್ತಾರೆ, ಸಾಮಾನ್ಯ ಕೆಲಸ ಅಲ್ಲ ಅದು. ಆದರೆ ಆವತ್ತು ರಾತ್ರಿಯ ಭಯ ಮತ್ತೆ ಬರಲಿಲ್ಲ.

ಅವರು ಹಿಟ್ಲರನ ಕಡೆಯ ನಾವಿಕರು, ನಾವು ಅವರ ಪರ ಇರಬೇಕಾಗಿಲ್ಲ. ಆದರೂ ಟಿಂಗ್ ಅಂದಾಗ ಉಸಿರು ಹಿಡಿಯುವವರು ನಾವೇ. ಜರ್ಮನಿಯ ಸಬ್‌ಮರೀನುಗಳಲ್ಲಿ ಕೆಲಸ ಮಾಡಿದ 40,000 ಮಂದಿಯಲ್ಲಿ 30,000 ಮಂದಿ ಮನೆಗೆ ವಾಪಸ್ ಬರಲಿಲ್ಲ ಅಂತ ಸಿನಿಮಾದ ಶುರುವಿನಲ್ಲೇ ಬರೆದು ತೋರಿಸುತ್ತಾರೆ. ಆ ಅಂಕಿ ಓದಿದಾಗ ನನಗೆ ಏನೂ ಅನ್ನಿಸಿರಲಿಲ್ಲ. ಟಿಂಗ್ ಕೇಳಿದ ಮೇಲೆ ಅನ್ನಿಸಿತು.

ಅವತ್ತಿನಿಂದ ಒಂದು ಅಭ್ಯಾಸ ಅಂಟಿಕೊಂಡಿತು. ಇಷ್ಟವಾದ ಯುದ್ಧದ ಸಿನಿಮಾಗಳನ್ನೆಲ್ಲ ಒಂದೊಂದಾಗಿ ತೆಗೆದು, ಮುಖ್ಯವಾದ ಕಡೆ ಕಣ್ಣು ಮುಚ್ಚಿ ಕೇಳುವುದು. ಮನೆಯವರು ನಿದ್ದೆ ಮಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ, ಇರಲಿ. ಕೆಲವು ಸಿನಿಮಾಗಳು ಈ ಪರೀಕ್ಷೆಯಲ್ಲಿ ಮಕಾಡೆ ಮಲಗಿದವು. ಕಣ್ಣು ಮುಚ್ಚಿದರೆ ಬರೀ ಢಮ್ ಢಮ್, ನಡುವೆ ಒಂದು ಭಾಷಣ, ಭಾಷಣದ ಕೆಳಗೆ ಪಿಟೀಲು, ಇಲ್ಲಿ ಅಳಬೇಕು ನೋಡಿ ಅಂತ ಸೂಚನೆ ಕೊಟ್ಟ ಹಾಗೆ. ಗೆದ್ದ ಸಿನಿಮಾಗಳು ಬೇರೆ ಥರ. ಅಲ್ಲಿ ಯಾವನೋ ಒಬ್ಬ ಸೈನಿಕನ ಕಿವಿಯನ್ನು ನಮಗೆ ಕೊಟ್ಟುಬಿಡುತ್ತಾರೆ. ಅವನಿಗೆ ಕೇಳಿದ್ದಷ್ಟೇ ನಮಗೆ.

ಸ್ಪೀಲ್‌ಬರ್ಗ್‌ ಮಾಡಿದ 1998ರ 'ಸೇವಿಂಗ್ ಪ್ರೈವೇಟ್ ರಯಾನ್' ನಿಮ್ಮಲ್ಲಿ ತುಂಬ ಜನ ನೋಡಿರುತ್ತೀರಿ. 1944ರ ಜೂನ್ 6, ಫ್ರಾನ್ಸಿನ ಕಡಲ ತೀರ, ಅಮೆರಿಕದ ಸೈನಿಕರು ದೋಣಿಯಿಂದ ಇಳಿಯುವ ಆ ಇಪ್ಪತ್ತು ಚಿಲ್ಲರೆ ನಿಮಿಷ. ಅಷ್ಟುದ್ದದ ಕದನದಲ್ಲಿ ಹಿನ್ನೆಲೆ ಸಂಗೀತ ಒಂದು ಚೂರೂ ಇಲ್ಲ. ನೀರಿಗೆ ಬಿದ್ದವನ ತಲೆ ಮುಳುಗಿದರೆ ಗದ್ದಲ ಪೂರಾ ಮಾಯ, ಗುಂಡು ನೀರನ್ನು ಸೀಳಿಕೊಂಡು ಬರುವ ಸಣ್ಣ ಸದ್ದು. ತಲೆ ಎತ್ತಿದರೆ ಮತ್ತೆ ನರಕ. ಆಮೇಲೆ ಹತ್ತಿರದಲ್ಲೇ ಒಂದು ಶೆಲ್ ಸಿಡಿದು ಟಾಮ್ ಹ್ಯಾಂಕ್ಸ್‌ನ ಕಿವಿ ಮಂಕಾಗುತ್ತದೆ, ನಮ್ಮದೂ. ಎದುರಿಗೆ ಒಬ್ಬ ಬಾಯಿ ಬಿಟ್ಟು ಏನೋ ಕೂಗುತ್ತಿದ್ದಾನೆ, ಕೇಳಿಸುತ್ತಿಲ್ಲ. ಇನ್ನೊಬ್ಬ ತುಂಡಾದ ತನ್ನ ತೋಳನ್ನು ನೆಲದಿಂದ ಎತ್ತಿಕೊಂಡು, ಬಿದ್ದ ಚೀಲ ಎತ್ತಿಕೊಂಡ ಹಾಗೆ, ನಡೆದು ಹೋಗುತ್ತಾನೆ.

ಅದೇ ಕದನದ ಕೊನೆಗೆ ಒಂದು ಸಣ್ಣ ಘಟನೆ ಇದೆ, ನನಗೆ ಅದು ಮೊದಲ ಸಲ ಗೊತ್ತೇ ಆಗಿರಲಿಲ್ಲ. ಜರ್ಮನ್ ಸಮವಸ್ತ್ರದ ಇಬ್ಬರು ಕೈ ಎತ್ತಿಕೊಂಡು ಬಂದು ಏನೋ ಬೇಡಿಕೊಳ್ಳುತ್ತಾರೆ. ಅಮೆರಿಕದ ಸೈನಿಕರು ಅವರನ್ನು ಹೊಡೆದು ಹಾಕಿ, ಏನಂದನಂತೆ ಅವನು ಅಂತ ತಮಾಷೆ ಮಾಡುತ್ತಾರೆ. ಆ ಮಾತಿಗೆ ಕೆಳಗೆ ಅನುವಾದ ಇಲ್ಲ. ಆ ಇಬ್ಬರು ಆಡಿದ್ದು ಜರ್ಮನ್ ಅಲ್ಲವೇ ಅಲ್ಲ, ಚೆಕ್ ಭಾಷೆ. ನಾವು ಚೆಕ್‌ನವರು, ನಾವು ಯಾರನ್ನೂ ಕೊಂದಿಲ್ಲ ಅಂತ ಹೇಳುತ್ತಿದ್ದರು. ಚೆಕ್ ಬಲ್ಲವರಿಗೆ ಮಾತ್ರ ಆ ಸಿನಿಮಾ ಬೇರೆ ಸಿನಿಮಾ, ಅಲ್ವಾ? ಗೊತ್ತಾದ ದಿನ ನಾನು ಸುಮ್ನೆ ಕೂತುಬಿಟ್ಟೆ. ಅದೇ ಸಿನಿಮಾದ ಶುರುವಿಗೂ ಕೊನೆಗೂ ಇಟ್ಟ ಸ್ಮಶಾನದ ದೃಶ್ಯ, ಹಾರುವ ಬಾವುಟ, ಸಿಹಿ ಸ್ವಲ್ಪ ಜಾಸ್ತಿಯಾಯಿತು ಅಂತ ನನ್ನ ಅನಿಸಿಕೆ. ಬೈಯುವವರು ಬೈಯಿರಿ.

ಈಗ ಹೇಳುವ ಸಿನಿಮಾವನ್ನು ನಾನು ಎರಡು ಸಲ ಮಾತ್ರ ನೋಡಿದ್ದೇನೆ, ಮೂರನೇ ಸಲಕ್ಕೆ ಧೈರ್ಯ ಇಲ್ಲ. ಎಲೆಮ್ ಕ್ಲಿಮೋವ್ ಸೋವಿಯತ್ ಕಾಲದಲ್ಲಿ, 1985ರಲ್ಲಿ ಮಾಡಿದ 'ಕಮ್ ಆ್ಯಂಡ್ ಸೀ'. ಹೆಸರು ಬಾ, ನೋಡು ಅಂತ. 1943ರ ಬೆಲಾರಸ್. ಫ್ಲ್ಯೋರಾ ಅನ್ನುವ ಹುಡುಗ ಮರಳಲ್ಲಿ ಹುಗಿದಿದ್ದ ಬಂದೂಕು ಅಗೆದು ತೆಗೆದು, ಹುರುಪಿನಿಂದ ಗೆರಿಲ್ಲಾ ಪಡೆ ಸೇರುತ್ತಾನೆ. ಕಾಡಿನಲ್ಲಿ ಬಾಂಬು ಬೀಳುತ್ತದೆ. ಅಲ್ಲಿಂದ ಮುಂದೆ ಅವನ ಕಿವಿಯಲ್ಲಿ ಗುಂಯ್ ಅನ್ನುವ ಒಂದು ಸದ್ದು ಶುರುವಾಗುತ್ತದೆ, ಎಷ್ಟು ಹೊತ್ತಾದರೂ ನಿಲ್ಲುವುದಿಲ್ಲ. ಜೊತೆಗಿರುವ ಗ್ಲಾಶಾ ಅನ್ನುವ ಹುಡುಗಿ ಮಾತಾಡಿದರೆ ನೀರಿನ ತಳದಿಂದ ಮಾತಾಡಿದ ಹಾಗೆ. ಇಬ್ಬರೂ ಅವನ ಹಳ್ಳಿಗೆ ಹೋಗುತ್ತಾರೆ. ಮನೆಯಲ್ಲಿ ಯಾರೂ ಇಲ್ಲ. ಒಲೆಯಲ್ಲಿಟ್ಟ ಸೂಪು ಇನ್ನೂ ಬೆಚ್ಚಗಿದೆ. ಹುಡುಗ ಬಡಿಸಿಕೊಂಡು ತಿನ್ನುತ್ತಾನೆ. ನೆಲದ ಮೇಲೆ ತಂಗಿಯರ ಗೊಂಬೆಗಳು ಸಾಲಾಗಿ ಮಲಗಿವೆ. ಆಗ ಕಿವಿಗೆ ಬೀಳುವುದು ನೊಣಗಳ ಸದ್ದು. ಒಂದೆರಡು ನೊಣ ಅಲ್ಲ, ಬೇಕಾದಷ್ಟು.

ಇಷ್ಟೇ. ನಮಗೆ ಅರ್ಥವಾಗಿ ಹೋಗುತ್ತದೆ, ಹುಡುಗನಿಗೆ ಅರ್ಥ ಮಾಡಿಕೊಳ್ಳಲು ಇಷ್ಟವಿಲ್ಲ. ಅವರು ಎಲ್ಲಿದ್ದಾರೆ ಅಂತ ನನಗೆ ಗೊತ್ತು ಅಂತ ಓಡುತ್ತಾನೆ. ಹಿಂದೆ ಓಡುತ್ತಿದ್ದ ಹುಡುಗಿ ಒಂದು ಸಲ ತಿರುಗಿ ನೋಡುತ್ತಾಳೆ. ಮನೆಯ ಹಿಂಗೋಡೆಗೆ ಹೆಣಗಳ ರಾಶಿ. ಪರದೆಯ ಮೇಲೆ ಅದು ಕಂಡೂ ಕಾಣದಷ್ಟು ಹೊತ್ತು ಮಾತ್ರ. ಊರು ಸಮೇತ, ಜನ ಸಮೇತ ಸುಟ್ಟು ಹಾಕಿದ ಬೆಲಾರಸ್ಸಿನ ಹಳ್ಳಿಗಳು 628 ಅಂತ ಸಿನಿಮಾದ ಕೊನೆಯಲ್ಲಿ ಬರೆದು ತೋರಿಸುತ್ತಾರೆ. ಇದರ ಕಥೆ ಬರೆದವರಲ್ಲಿ ಒಬ್ಬರಾದ ಅಲೆಸ್ ಅದಮೋವಿಚ್ ಹುಡುಗನಾಗಿದ್ದಾಗ ಸ್ವತಃ ಗೆರಿಲ್ಲಾ ಪಡೆಯಲ್ಲಿದ್ದವರು. ಕ್ಲಿಮೋವ್ ಇದಾದ ಮೇಲೆ ಇನ್ನೊಂದು ಸಿನಿಮಾ ಮಾಡಲೇ ಇಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. ಸಿನಿಮಾಕ್ಕೆ ಮಾತು ಬಂದು ಇನ್ನೂ ಕೆಲವೇ ವರ್ಷ ಆಗಿದ್ದ ಕಾಲ, 1930. ಲೂಯಿಸ್ ಮೈಲ್‌ಸ್ಟೋನ್ ಮಾಡಿದ 'ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್'. ಮೊದಲನೇ ಮಹಾಯುದ್ಧ, ಜರ್ಮನ್ ಹುಡುಗ ಪೌಲ್. ಒಂದು ಹಳ್ಳದಲ್ಲಿ ಅವನು ಫ್ರೆಂಚ್ ಸೈನಿಕನೊಬ್ಬನನ್ನು ಇರಿಯುತ್ತಾನೆ. ಆ ಮನುಷ್ಯ ಬೇಗ ಸಾಯುವುದಿಲ್ಲ. ಪೌಲ್ ರಾತ್ರಿಯೆಲ್ಲ ಅವನ ಪಕ್ಕದಲ್ಲೇ ಕೂತು ಮಾತಾಡುತ್ತಾನೆ, ಕ್ಷಮೆ ಕೇಳುತ್ತಾನೆ. ಆ ಫ್ರೆಂಚ್ ಸೈನಿಕನ ಪಾತ್ರ ಮಾಡಿದ್ದು ರೇಮಂಡ್ ಗ್ರಿಫಿತ್, ಮೂಕಿ ಚಿತ್ರಗಳ ಹೆಸರಾಂತ ಹಾಸ್ಯನಟ. ಚಿಕ್ಕಂದಿನಲ್ಲೇ ದನಿ ಕೆಟ್ಟು, ಗೊಗ್ಗರು ಪಿಸುಮಾತಿಗಿಂತ ಜೋರಾಗಿ ಮಾತಾಡಲು ಆಗುತ್ತಿರಲಿಲ್ಲ. ಮಾತಿನ ಚಿತ್ರ ಬಂದ ಮೇಲೆ ಅಂಥವನಿಗೆ ಪಾತ್ರ ಎಲ್ಲಿ ಸಿಗಬೇಕು? ಸಾಯುವವನ ಪಾತ್ರ ಸಿಕ್ಕಿತು. ಅದೇ ಕೊನೆಯದು. ಪೌಲ್ ಮಾತಾಡುತ್ತಾ ಮಾತಾಡುತ್ತಾ ಹೋದಂತೆ ಆ ಕಡೆಯಿಂದ ಉತ್ತರ ಬರದೇ ಇರುವುದು ಎಷ್ಟು ಭಾರ ಅನ್ನಿಸುತ್ತದೆ ಅಂದರೆ, ಆ ಮೌನವನ್ನು ನಾನು ಈಗಲೂ ಮರೆತಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಈ ಸಿನಿಮಾ ತೋರಿಸಿದಾಗ ನಾಜಿಗಳು ಥಿಯೇಟರಿನಲ್ಲಿ ಇಲಿ ಬಿಟ್ಟು, ಕೆಟ್ಟ ವಾಸನೆಯ ಬಾಂಬು ಹಾಕಿ ಗಲಾಟೆ ಮಾಡಿದರು. ಕೆಲವೇ ದಿನಗಳಲ್ಲಿ ಜರ್ಮನಿಯಲ್ಲಿ ಸಿನಿಮಾಕ್ಕೆ ನಿಷೇಧ ಬಿತ್ತು.

ಯುದ್ಧದ ವಿರುದ್ಧ ಸಿನಿಮಾ ಮಾಡಲು ಸಾಧ್ಯವೇ ಇಲ್ಲ, ತೆರೆಯ ಮೇಲೆ ಬಂದರೆ ಯುದ್ಧ ಚೆಂದವೇ ಕಾಣುತ್ತದೆ ಅನ್ನುವ ಅರ್ಥದ ಮಾತನ್ನು ಫ್ರಾನ್ಸಿನ ನಿರ್ದೇಶಕ ತ್ರುಫೋ ಹೇಳಿದ್ದ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತೇವಲ್ಲ, ಹಾಗೆ. ಕಣ್ಣಿನ ಮಟ್ಟಿಗೆ ಒಪ್ಪುತ್ತೇನೆ. ಹಾಗಂತ ಕಿವಿ ಏನು ದೊಡ್ಡ ಸಂಭಾವಿತ ಅಂದುಕೊಳ್ಳಬೇಡಿ. ಕೊಪೊಲಾನ 1979ರ 'ಅಪೊಕ್ಯಾಲಿಪ್ಸ್ ನೌ' ನೆನಪಿದೆಯಾ? ವಿಯೆಟ್ನಾಂ, ಸಾಲು ಸಾಲು ಹೆಲಿಕಾಪ್ಟರು, ಅದರ ಲೌಡ್‌ಸ್ಪೀಕರಿನಲ್ಲಿ ವಾಗ್ನರನ ಸಂಗೀತ. ಆ ಸಂಗೀತ ಏರುವಾಗ ನನ್ನ ಮೈ ಜುಂ ಅನ್ನುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿ ಒಂದು ಕತ್ತರಿ ಹಾಕಿದ್ದಾರೆ ನೋಡಿ. ಸಂಗೀತ ಜೋರಾಗಿರುವಾಗಲೇ ತಟ್ಟನೆ ಹಳ್ಳಿಗೆ ಬರುತ್ತೇವೆ. ಪೂರಾ ನಿಶ್ಶಬ್ದ. ಶಾಲೆಯ ಮಕ್ಕಳು, ಅಂಗಳ. ಆಮೇಲೆ ಎಲ್ಲೋ ದೂರದಿಂದ, ಸೊಳ್ಳೆಯಷ್ಟು ಸಣ್ಣಗೆ, ಅದೇ ಸಂಗೀತ. ಒಂದು ಕ್ಷಣದ ಹಿಂದೆ ನಾನು ಮೇಲೆ ಕೂತು ಖುಷಿಪಡುತ್ತಿದ್ದೆ, ಈಗ ಕೆಳಗೆ ನಿಂತಿದ್ದೇನೆ. ಅದರ ಸದ್ದಿನ ಕೆಲಸ ಮಾಡಿದ್ದು ವಾಲ್ಟರ್ ಮರ್ಚ್. ಆಸ್ಕರೂ ಬಂತು.

'ಡಂಕರ್ಕ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. 2017ರದ್ದು, ನೋಲನ್‌ದು, ಗಡಿಯಾರದ ಟಿಕ್ ಟಿಕ್ ಮೇಲೇ ನಿಂತ ಸಿನಿಮಾ. ಚೆನ್ನಾಗಿದೆ, ಆದರೆ ಅಷ್ಟು ಹೊತ್ತೂ ಎದೆ ಹಿಂಡುತ್ತಲೇ ಇದ್ದರೆ ಕೊನೆಕೊನೆಗೆ ಹಿಂಡಿದ್ದೂ ಗೊತ್ತಾಗುವುದಿಲ್ಲ. 2008ರ 'ದಿ ಹರ್ಟ್ ಲಾಕರ್'ನಲ್ಲಿ ಇದಕ್ಕೆ ತಿರುಗಾಮುರುಗಾ. ಇರಾಕಿನಲ್ಲಿ ಬಾಂಬು ನಿಷ್ಕ್ರಿಯ ಮಾಡುವ ಸಾರ್ಜೆಂಟ್, ದಪ್ಪ ಸೂಟಿನೊಳಗೆ ತನ್ನ ಉಸಿರನ್ನು ತಾನೇ ಕೇಳಿಸಿಕೊಳ್ಳುವವನು, ಅಮೆರಿಕಕ್ಕೆ ವಾಪಸ್ ಬಂದು ಸೂಪರ್‌ಮಾರ್ಕೆಟ್ಟಿನಲ್ಲಿ ನಿಲ್ಲುತ್ತಾನೆ. ಆಚೆಗೂ ಈಚೆಗೂ ಸೀರಿಯಲ್ ಡಬ್ಬಿಗಳ ಗೋಡೆ. ಯಾವುದು ತೆಗೆದುಕೊಳ್ಳಬೇಕು ಅಂತ ಗೊತ್ತಾಗದೆ ನಿಂತೇ ಇರುತ್ತಾನೆ. ಇಡೀ ಸಿನಿಮಾದಲ್ಲಿ ಅವನು ಹೆದರಿದ ಹಾಗೆ ನನಗೆ ಕಂಡದ್ದು ಅಲ್ಲಿ.

ಇನ್ನೊಂದು ವಿಚಿತ್ರ ಕೆಲಸದ ಬಗ್ಗೆ ಹೇಳಲೇಬೇಕು. ಮೊದಲನೇ ಮಹಾಯುದ್ಧದಲ್ಲಿ ತೆಗೆದ ಚಿತ್ರಗಳಿಗೆ ಸದ್ದೇ ಇರಲಿಲ್ಲ. ಸೈನಿಕರು ಕ್ಯಾಮೆರಾ ನೋಡಿ ನಗುತ್ತಾರೆ, ಏನೋ ಅನ್ನುತ್ತಾರೆ, ಏನು ಅಂತ ನೂರು ವರ್ಷ ಯಾರಿಗೂ ಗೊತ್ತಿರಲಿಲ್ಲ. 2018ರಲ್ಲಿ ಪೀಟರ್ ಜ್ಯಾಕ್ಸನ್ 'ದೇ ಶಲ್ ನಾಟ್ ಗ್ರೋ ಓಲ್ಡ್' ಮಾಡುವಾಗ, ತುಟಿಯ ಚಲನೆ ನೋಡಿ ಮಾತು ಓದಬಲ್ಲವರನ್ನು ಕರೆಸಿ ಅವೇ ಹಳೆಯ ಚಿತ್ರಗಳನ್ನು ತೋರಿಸಿದ. ಅವರು ಓದಿ ಹೇಳಿದ ಮಾತುಗಳನ್ನು ನಟರ ಬಾಯಲ್ಲಿ ಹೇಳಿಸಿ ಜೋಡಿಸಿದ. ಬಣ್ಣವನ್ನೂ ಹಾಕಿದ್ದಾನೆ, ಎಲ್ಲರೂ ಹೊಗಳುವುದು ಅದನ್ನೇ. ನನಗೆ ಬಣ್ಣಕ್ಕಿಂತ ಆ ಮಾತೇ ಹೆಚ್ಚು.

ಕೊನೆಗೆ ನನ್ನ ಅಚ್ಚುಮೆಚ್ಚಿನದು. ಕುಬ್ರಿಕ್‌ನ 'ಪಾತ್ಸ್ ಆಫ್ ಗ್ಲೋರಿ', 1957, ಕಪ್ಪು ಬಿಳುಪು. ಗೆಲ್ಲಲಾಗದ ಗುಡ್ಡಕ್ಕೆ ಫ್ರೆಂಚ್ ಸೈನಿಕರನ್ನು ನುಗ್ಗಿಸಿ, ಸೋತಾಗ ಹೇಡಿಗಳು ಅಂತ ಮೂವರನ್ನು ತಮ್ಮವರೇ ಗುಂಡಿಟ್ಟು ಕೊಲ್ಲುವ ಕಥೆ. ಫ್ರಾನ್ಸಿನಲ್ಲಿ 1975ರವರೆಗೆ ಇದು ತೆರೆ ಕಾಣಲಿಲ್ಲ. ಅದೆಲ್ಲ ಮುಗಿದ ಮೇಲೆ ಒಂದು ಪಡಖಾನೆ. ಉಳಿದ ಸೈನಿಕರು ಕುಡಿದು ಕೂಗಾಡುತ್ತಿದ್ದಾರೆ. ಸೆರೆ ಸಿಕ್ಕ ಒಬ್ಬ ಜರ್ಮನ್ ಹುಡುಗಿಯನ್ನು ಎಳೆದು ತಂದು ಹಾಡು ಅಂತ ನಿಲ್ಲಿಸುತ್ತಾರೆ. ಶಿಳ್ಳೆ, ಬೊಬ್ಬೆ. ಅವಳು ಅಳುತ್ತಾ ಹಾಡುತ್ತಿದ್ದಾಳೆ, ತುಟಿ ಅಲ್ಲಾಡುವುದು ಕಾಣುತ್ತದೆ, ಗದ್ದಲದಲ್ಲಿ ದನಿ ಕೇಳಿಸುವುದೇ ಇಲ್ಲ. ಮೆಲ್ಲಗೆ ಒಬ್ಬ ಸುಮ್ಮನಾಗುತ್ತಾನೆ. ಆಮೇಲೆ ಇನ್ನೊಬ್ಬ. ಹಾಡು ಕೇಳಿಸತೊಡಗುತ್ತದೆ. ಜರ್ಮನ್ ಅವರಿಗೆ ಬಾರದು. ಮಾತು ಬಾರದವರು ರಾಗ ಹಿಡಿದು ಗುನುಗುತ್ತಾರೆ, ಗಡ್ಡದವರು, ಮುದುಕರು, ಚಿಕ್ಕ ಹುಡುಗರು, ಎಲ್ಲರ ಕೆನ್ನೆಯ ಮೇಲೂ ನೀರು.

ಹೊರಗೆ ಅವರ ಕರ್ನಲ್ ಡ್ಯಾಕ್ಸ್, ಕಿರ್ಕ್ ಡಗ್ಲಾಸ್, ನಿಂತು ಕೇಳುತ್ತಿದ್ದಾನೆ. ಸಾರ್ಜೆಂಟ್ ಬಂದು, ತಕ್ಷಣ ಮುಂಚೂಣಿಗೆ ವಾಪಸ್ ಹೊರಡಬೇಕು ಅಂತ ಆದೇಶ ಬಂದಿದೆ ಅನ್ನುತ್ತಾನೆ. ಹುಡುಗರಿಗೆ ಇನ್ನೂ ಕೆಲವು ನಿಮಿಷ ಕೊಡಿ ಅಂತ ಹೇಳಿ ಡ್ಯಾಕ್ಸ್ ತನ್ನ ಕೋಣೆಗೆ ಹೋಗುತ್ತಾನೆ.

ನಮಸ್ಕಾರ.