ಆ ವಿಮಾನದಲ್ಲಿ ಒಟಾನಿ ಇರಲಿಲ್ಲ

ಕೇಳುಗರೇ, ನಮಸ್ಕಾರ.

ಅಮೆರಿಕದ ಬೇಸ್‌ಬಾಲ್ ನೋಡುವವರಿಗೆ ನವೆಂಬರ್ ಬಂತು ಅಂದ್ರೆ ಆಟ ಮುಗೀತು, ಮಾತು ಶುರುವಾಯ್ತು. ಯಾರು ಯಾವ ತಂಡಕ್ಕೆ ಹೋಗುತ್ತಾರೆ, ಯಾರನ್ನು ಕೊಟ್ಟು ಯಾರನ್ನು ತರುತ್ತಾರೆ, ಯಾವ ಮ್ಯಾನೇಜರ್, ಅಂದ್ರೆ ತಂಡದ ಮುಖ್ಯ ಕೋಚ್, ಕೆಲಸ ಕಳೆದುಕೊಳ್ಳುತ್ತಾರೆ, ಬರೀ ಇದೇ. ಇದಕ್ಕೆ ಅಲ್ಲಿ ‘ಹಾಟ್ ಸ್ಟೋವ್’ ಅಂತಾರೆ. ಚಳಿಗಾಲದಲ್ಲಿ ಒಲೆ ಸುತ್ತ ಕೂತು ಹರಟುತ್ತಿದ್ದ ಕಾಲದ ಹೆಸರು ಅದು. ನನಗೆ ಈ ಹರಟೆ ಅಂದರೆ ಪ್ರಾಣ.

2023ರ ಡಿಸೆಂಬರ್ 8 ನೆನಪಿದೆ. ಬ್ಯಾಟಿಂಗೂ ಪಿಚಿಂಗೂ (ಅಂದ್ರೆ ಚೆಂಡೆಸೆತವೂ) ಎರಡನ್ನೂ ಮಾಡುವ ಶೋಹೇ ಒಟಾನಿ ಏಂಜಲ್ಸ್ ತಂಡದಲ್ಲಿ ಆರು ವರ್ಷ ಆಡಿ ಫ್ರೀ ಏಜೆಂಟ್ ಆಗಿದ್ದರು, ಅಂದ್ರೆ ಬೇಕಾದ ತಂಡಕ್ಕೆ ಹೋಗಬಹುದಿತ್ತು. ಕ್ಯಾಲಿಫೋರ್ನಿಯಾದಿಂದ ಟೊರಾಂಟೊಗೆ ಒಂದು ಪುಟ್ಟ ಜೆಟ್ ಹೊರಟಿದೆ, ಅದರಲ್ಲಿ ಒಟಾನಿ ಇದ್ದಾರೆ, ಅಲ್ಲಿನ ಬ್ಲೂ ಜೇಸ್ ತಂಡ ಸೇರುತ್ತಾರೆ ಅಂತ ಸುದ್ದಿ ಹಬ್ಬಿತು. ಸಾವಿರಾರು ಜನ ಮ್ಯಾಪಿನಲ್ಲಿ ಆ ವಿಮಾನದ ಚಿಕ್ಕ ಗುರುತನ್ನೇ ನೋಡುತ್ತಾ ಕೂತರು. ನಮ್ಮಲ್ಲಿ ನಡುರಾತ್ರಿ, ನಾನೂ ಮೊಬೈಲ್ ಹಿಡಿದು ಕೂತಿದ್ದೆ. ವಿಮಾನ ಇಳಿಯಿತು, ಬಾಗಿಲು ತೆರೆಯಿತು. ಹೊರಗೆ ಬಂದವರು ಕೆನಡಾದ ಉದ್ಯಮಿ ರಾಬರ್ಟ್ ಹರ್ಜಾವೆಕ್, ಜೊತೆಗೆ ಅವರ ಮಕ್ಕಳು!

ಮರುದಿನ ಒಟಾನಿ ತಾವೇ ಇನ್‌ಸ್ಟಾಗ್ರಾಮ್‌ನಲ್ಲಿ ಹೇಳಿದರು, ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡಕ್ಕೆ ಹೋಗ್ತಿದ್ದೀನಿ ಅಂತ. 10 ವರ್ಷಕ್ಕೆ 70 ಕೋಟಿ ಡಾಲರ್. ಅದರಲ್ಲಿ 68 ಕೋಟಿಯನ್ನು 2034ರಿಂದ 2043ರ ಒಳಗೆ ಕೊಟ್ಟರೆ ಸಾಕು ಅಂತ ಒಪ್ಪಂದ. ಅಷ್ಟು ದಿನ ತಲೆ ಕೆಡಿಸಿಕೊಂಡು ಲೆಕ್ಕ ಹಾಕಿದ ನಾವ್ಯಾರೂ ಇಂಥದ್ದನ್ನು ಊಹಿಸಿರಲಿಲ್ಲ. ಯಾಕಂದ್ರೆ ನಿರ್ಧಾರ ಇದ್ದದ್ದು ಒಬ್ಬ ಮನುಷ್ಯನ ಮನಸ್ಸಿನಲ್ಲಿ.

ಈ ಹರಟೆ ನನಗೆ ಇಷ್ಟವಾಗುವುದೇ ಅದಕ್ಕೆ. ನಮ್ಮ ಐಪಿಎಲ್ ಹರಾಜು ನೋಡಿ. 2024ರ ನವೆಂಬರ್‌ನಲ್ಲಿ ಲಕ್ನೋ ತಂಡ 27 ಕೋಟಿ ಕೂಗಿತು, ರಿಷಭ್ ಪಂತ್ ಲಕ್ನೋ ಪಾಲಾದರು. ಹರಾಜಿಗೆ ಹೆಸರು ಕೊಟ್ಟವರು ನನಗೆ ಬೆಂಗಳೂರೇ ಬೇಕು ಅಂತ ಕೇಳುವ ಹಾಗಿಲ್ಲ. ಬೇಸ್‌ಬಾಲ್‌ನಲ್ಲಿ ಆರು ವರ್ಷದ ಸೇವೆ ಆಗಿ ಒಪ್ಪಂದ ಮುಗಿದರೆ ಆಟಗಾರನೇ ತಂಡ ಆರಿಸಿಕೊಳ್ಳುತ್ತಾನೆ.

ಇದು ಸುಮ್ನೆ ಸಿಕ್ಕಿದ್ದಲ್ಲ. 1969ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಅವರನ್ನು ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟಿತು. 12 ವರ್ಷ ಆಡಿದವರು ಅವರು. ಹೋಗಲ್ಲ ಅಂದರು. ನನ್ನನ್ನು ಕೇಳದೆ ಕೊಂಡು ಮಾರಲು ನಾನು ಆಸ್ತಿಯಲ್ಲ ಅಂತ ಡಿಸೆಂಬರ್ 24ರಂದು ಬೇಸ್‌ಬಾಲ್ ಕಮಿಷನರ್‌ಗೆ, ಅಂದ್ರೆ ಲೀಗಿನ ಮುಖ್ಯಸ್ಥರಿಗೆ, ಪತ್ರ ಬರೆದರು. 1 ಲಕ್ಷ ಡಾಲರ್ ಸಂಬಳ ಬಿಟ್ಟರು. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಮಧ್ಯೆ 1971ರಲ್ಲಿ ವಾಷಿಂಗ್ಟನ್‌ಗೆ 13 ಪಂದ್ಯ ಆಡಿದ್ದೇ ಕೊನೆ. 1975ರಲ್ಲಿ ಬೇರೆ ಇಬ್ಬರು ಪಿಚರ್‌ಗಳ ಪ್ರಕರಣದಲ್ಲಿ ಆಟಗಾರರೇ ತಂಡ ಆರಿಸಿಕೊಳ್ಳುವ ಬಾಗಿಲು ತೆರೆಯಿತು. ಫ್ಲಡ್ ಪಾಲಿಗೆ ಅಷ್ಟರಲ್ಲಿ ಆಟ ಮುಗಿದಿತ್ತು.

ಹುವಾನ್ ಸೊಟೊ ಅನ್ನೋ ಬ್ಯಾಟರ್ ಕಥೆ ನೋಡಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ತಾವು ಆಡುತ್ತಿದ್ದ ವಾಷಿಂಗ್ಟನ್ ತಂಡ 44 ಕೋಟಿ ಡಾಲರ್ ಕೊಡ್ತೀನಿ ಅಂದಾಗ ಬೇಡ ಅಂದರು. 2022ರಲ್ಲಿ ಅವರನ್ನು ಸ್ಯಾನ್ ಡಿಯೇಗೊಗೆ ಕಳಿಸಿದರು, ಮುಂದಿನ ವರ್ಷದ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಯಾಂಕೀಸ್‌ಗೆ. ಎರಡು ಸಲವೂ ತಂಡಗಳದ್ದೇ ನಿರ್ಧಾರ. 2024ರ ಡಿಸೆಂಬರ್‌ನಲ್ಲಿ ಸೊಟೊ ಸರದಿ ಬಂತು. ನ್ಯೂಯಾರ್ಕಿನದೇ ಇನ್ನೊಂದು ತಂಡ ಮೆಟ್ಸ್ ಅನ್ನು ಆರಿಸಿಕೊಂಡರು, 15 ವರ್ಷ, 76.5 ಕೋಟಿ ಡಾಲರ್.

ಮ್ಯಾನೇಜರ್ ವಿಷಯಕ್ಕೆ ಬಂದರೆ ನನ್ನ ಮನಸ್ಸು ಕ್ರೇಗ್ ಕೌನ್ಸೆಲ್ ಕಡೆಗೇ ಹೋಗುತ್ತದೆ. ಮಿಲ್ವಾಕಿ ಪಕ್ಕದ ವೈಟ್‌ಫಿಶ್ ಬೇಯಲ್ಲಿ ಬೆಳೆದವರು. ಮಿಲ್ವಾಕಿಯ ಬ್ರೂಅರ್ಸ್ ತಂಡಕ್ಕೆ ಆಡಿದರು, 2015ರಿಂದ ಅದೇ ತಂಡ ನಡೆಸಿದರು. ಒಪ್ಪಂದ ಮುಗಿದ ಮೇಲೆ 2023ರ ನವೆಂಬರ್‌ನಲ್ಲಿ ಎದುರಾಳಿ ಶಿಕಾಗೊ ಕಬ್ಸ್‌ಗೆ ಹೋದರು, 5 ವರ್ಷಕ್ಕೆ 4 ಕೋಟಿ ಡಾಲರಿಗೂ ಜಾಸ್ತಿ. ಊರಲ್ಲಿ ಅವರ ಹೆಸರಿನ ಮೈದಾನ ಇದೆ, ಮಕ್ಕಳು ಆಡುವ ಜಾಗ. ಅಲ್ಲಿನ ಬೋರ್ಡ್ ಮೇಲೆ ಯಾರೋ ಬಣ್ಣದಲ್ಲಿ ಬೈಗುಳ ಬರೆದರು. ಆ ಫೋಟೊ ನೋಡಿ ನನಗೆ ನಿಜಕ್ಕೂ ಬೇಜಾರಾಯಿತು.

ಬ್ರೂಅರ್ಸ್ ಏನೂ ಮುಳುಗಲಿಲ್ಲ. ಕೌನ್ಸೆಲ್ ಜೊತೆಗೇ ಡಗೌಟ್‌ನಲ್ಲಿ ಕೂರುತ್ತಿದ್ದ ಸಹಾಯಕ ಪ್ಯಾಟ್ ಮರ್ಫಿಗೆ ತಂಡ ಕೊಟ್ಟರು, 2024ರಲ್ಲಿ 93 ಪಂದ್ಯ ಗೆದ್ದರು. ಕಬ್ಸ್ ಗೆದ್ದದ್ದು 83. 2025ರ ಅಕ್ಟೋಬರ್‌ನಲ್ಲಿ ಎರಡೂ ತಂಡ ಪ್ಲೇ ಆಫ್‌ನಲ್ಲಿ ಎದುರಾದವು, ಬ್ರೂಅರ್ಸ್ 3–2ರಿಂದ ಗೆದ್ದಿತು. ಮಿಲ್ವಾಕಿ ಜನ ಕೌನ್ಸೆಲ್ ಹೆಸರು ಕೇಳಿದ ಕೂಡಲೇ ಜೋರಾಗಿ ಕೂಗಿ ಮೂದಲಿಸಿದರು. ಕೂಗಲಿ ಬಿಡಿ, ಟಿಕೆಟ್ ತಗೊಂಡು ಬಂದವರು, ಪ್ರೀತಿ ಇದ್ದದ್ದಕ್ಕೇ ಸಿಟ್ಟು. ಆದರೆ ಮಕ್ಕಳು ಆಡುವ ಮೈದಾನದ ಆ ಬೋರ್ಡನ್ನು ಮುಟ್ಟಬಾರದಿತ್ತು, ಅಲ್ವಾ?

ನಮಸ್ಕಾರ.